ಹೊಡೆದದ್ದು ಎರಡೇ ಪೆಟ್ಟು

ವಿಜಯಪುರದ ಜಲನಗರದಲ್ಲಿ ನಮ್ಮ ಮನೆಯ ಎದುರು ಸಾಲಿನ ಮೂರನೆಯ ಮನೆ ರಾಜಾರಾಮ ಬನಸೋಡೆ ಅವರದು. ತಿಕೋಟಾದ ದನದ ದವಾಖಾನೆಯಲ್ಲಿ ಅವರು ಡಿ ದರ್ಜೆಯ ನೌಕರರು. ರೈತರ ಬಾಯಲ್ಲಿ ಮಾತ್ರ ಕಂಪೌಂಡರು. ಬೆಳಿಗ್ಗೆ ಎಂಟಕ್ಕೆ ಮೋಟಾರ್‌ಸೈಕಲ್ ಒದ್ದು ಹೊರಟರೆ ಸಂಜೆ ಆರಕ್ಕೆ ಮನೆ. ಬಂದವರು ನೇರ ಒಳಗೆ ಹೋಗುವುದಿಲ್ಲ. ಅಂಗಳದ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನ ಸಂದಿಗಳನ್ನೆಲ್ಲ ತಿಕ್ಕಿ ತೊಳೆದ ಮೇಲೆಯೇ ಹೊಸ್ತಿಲು ದಾಟುವುದು. ಆದರೂ ಒಂದು ವಾಸನೆ ಉಳಿದೇ ಇರುತ್ತದೆ. ಓಣಿಯ ಹುಡುಗರು ಮೂಗು ಮುಚ್ಚಿಕೊಂಡು ಓಡಿದರೆ ಅವರು ನಗುತ್ತಾರೆ.

ಅವರ ತಂದೆ ಧೂಳಪ್ಪ ತೊರವಿಯವರು. ಊರಿನಲ್ಲಿ ಸತ್ತ ದನಗಳನ್ನು ಎಳೆದೊಯ್ದು ಚರ್ಮ ಸುಲಿಯುವುದು ಆ ಮನೆತನದ ಪಾಲಿಗೆ ಬಂದ ಕೆಲಸವಾಗಿತ್ತು. ರಾಜಾರಾಮರಿಗೆ ಒಂಬತ್ತು ವರ್ಷವಾಗಿದ್ದಾಗ ಧೂಳಪ್ಪ ಬೌದ್ಧ ಧರ್ಮಕ್ಕೆ ಬಂದರು. ಮರುದಿನ ಸುಲಿಯುವ ಕತ್ತಿಯನ್ನು ಹಾಳು ಬಾವಿಗೆ ಎಸೆದು ಕೂಲಿಗೆ ಹೋದರು. ಮುಂದೆ ಮಗನಿಗೆ ಪಶು ಇಲಾಖೆಯಲ್ಲಿ ಕೆಲಸ ಸಿಕ್ಕಾಗ ಊರವರು ನಕ್ಕರಂತೆ: ಅಪ್ಪ ಸತ್ತ ದನಾ ಎಳದ, ಮಗ ಜೀವ ಇದ್ದದ್ದನ್ನ ಎಳೀತಾನ. ತಾಯಿ ರೇಣವ್ವನಿಗೆ ಅದನ್ನು ಕೇಳಿ ಅಳು ಬಂತು. ಧೂಳಪ್ಪ ಮಾತ್ರ ಹೇಳಿದರು, "ಜೀವ ಇದ್ದದ್ದನ್ನ ಮುಟ್ಟೂ ಕೆಲಸಾ ಐತಿ. ಸುಮ್ಮ ಹೋಗು."

ರಾಜಾರಾಮರು ಹೋದರು. ಆಕಳ ಹೊಟ್ಟೆಯಲ್ಲಿ ಅಡ್ಡ ಸಿಕ್ಕ ಕರುವನ್ನು ಭುಜದವರೆಗೆ ಕೈ ಹಾಕಿ ತಿರುಗಿಸಿದ್ದಾರೆ. ಕೊಳೆತ ಗೊರಸನ್ನು ಕೆತ್ತಿದ್ದಾರೆ. ಹುಳ ಬಿದ್ದ ಗಾಯದಿಂದ ಒಂದೊಂದೇ ಹುಳ ಹೆಕ್ಕಿದ್ದಾರೆ. "ನಿಮಗೆ ಹೇಸಿಕೆ ಬರುವುದಿಲ್ಲವೇ?" ಎಂದು ನಾನು ಒಮ್ಮೆ ಕೇಳಿದ್ದೆ. ನಾನು ಸಾಲಿ ಮಾಸ್ತರಾಗಿ ನಿವೃತ್ತನಾದವನು, ಸೀಮೆಸುಣ್ಣದ ಧೂಳಿಗಿಂತ ಹೊಲಸಾದದ್ದನ್ನು ಮುಟ್ಟಿದವನಲ್ಲ.

"ಎದಕ ಬರಬೇಕ್ರಿ ಸರ? ಕೀವು ಅಂದ್ರ ಕೀವು. ತೊಳದ್ರ ಹೋಗತೈತಿ," ಎಂದಿದ್ದರು.

ದೊಡ್ಡ ಎತ್ತು, ಹೋರಿಗಳನ್ನು ಕೆಡವುವುದರಲ್ಲಿ ಅವರದು ಪಳಗಿದ ಕೈ. ಒಂದು ಹಗ್ಗ, ಮೂರು ಸುತ್ತು, ಒಂದು ಎಳೆತ. ಹೋರಿ ತಾನಾಗಿಯೇ ದಣಿದು ಮಲಗಿದ ಹಾಗೆ ನೆಲಕ್ಕೆ ಬರುತ್ತಿತ್ತು. ಯಾವ ದನಕ್ಕೂ ಅವರು ಬಡಿಗೆಯಿಂದ ಹೊಡೆದದ್ದನ್ನು ಯಾರೂ ಕಂಡಿಲ್ಲ. ಕೆಡವಿದ ದನವನ್ನು ಬಹಳ ಹೊತ್ತು ಒಂದೇ ಮಗ್ಗುಲಿಗೆ ಬಿಟ್ಟರೆ ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತದೆ, ಅದಕ್ಕೆ ಅವರು ಗಡಿಯಾರ ನೋಡುತ್ತಲೇ ಇರುತ್ತಿದ್ದರು. ಕಾಲು ಕಟ್ಟಿದ ಹಗ್ಗದ ಕೆಳಗೆ ಎರಡು ಬೆರಳು ತೂರಿಸಿ ನೋಡುವುದು ಅವರ ರೂಢಿ.

ಮೂರು ವರ್ಷದ ಹಿಂದೆ ನಡೆದದ್ದನ್ನು ಈಗ ಹೇಳುತ್ತೇನೆ. ಇದರಲ್ಲಿ ಅರ್ಧ ರಾಜಾರಾಮರೇ ಹೇಳಿದ್ದು. ಉಳಿದದ್ದು ಅವರ ಹೆಂಡತಿ ಸುಮಂಗಲಾ ಹೇಳಿದ್ದು, ಮತ್ತೆ ಸ್ವಲ್ಪ ನಾನೇ ಕಂಡದ್ದು.

ಚರ್ಮಗಂಟು ರೋಗ ಬಂದು ದನಗಳ ಮೈತುಂಬ ಗಂಟೆದ್ದಿದ್ದ ಕಾಲ ಅದು. ತಿಕೋಟಾದ ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರು ನೇತ್ರಾ, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಆ ವಾರ ಬಬಲೇಶ್ವರದ ಡಾಕ್ಟರು ರಜೆಯಲ್ಲಿದ್ದುದರಿಂದ ಅಲ್ಲಿನ ಕೆಲಸವೂ ಅವರ ತಲೆಗೆ ಬಿದ್ದಿತ್ತು. ಒಂದು ದಿನ ಬೆಳಗಿನ ಹನ್ನೊಂದರ ಸುಮಾರಿಗೆ ಬಬಲೇಶ್ವರದ ಸತೀಶಕುಮಾರ ಜೀಪಿನಲ್ಲಿ ಬಂದ. ಹಾಲಿನ ಡೇರಿ ಇಟ್ಟವನು, ಊರಿನಲ್ಲಿ ನಾಲ್ಕು ಮಂದಿ ಎದ್ದು ನಿಂತು ನಮಸ್ಕಾರ ಹೇಳುವಂಥವನು. ಗಂಜಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಕರಿಯ ಪ್ಲಾಸ್ಟಿಕ್ ಚೀಲ.

"ನಮಸ್ಕಾರ್ರಿ ಮೇಡಮ್ಮಾರ. ನಮ್ಮ ಎಮ್ಮಿ ಒಂದ ಸತ್ತೈತ್ರಿ. ವಿಮಾ ಮಾಡಿಸಿದ್ದು. ಸತ್ತೈತಿ ಅಂತ ಒಂದ ಸರ್ಟಿಫಿಕೇಟ್ ಬರದ ಕೊಡ್ರಿ."

"ಎಮ್ಮಿ ಎಲ್ಲೈತ್ರಿ? ನಾ ಬಂದ ನೋಡಬೇಕಾಗತೈತಿ," ಎಂದರು ನೇತ್ರಾ.

"ಹುಗದಬಿಟ್ಟೇವ್ರಿ. ವಾಸನಿ ಬರಾಕತ್ತಿತ್ತು. ಗುರುತಿಗೆ ಇದನ್ನ ತಂದೇನಿ ನೋಡ್ರಿ."

ಚೀಲದಿಂದ ಅವನು ತೆಗೆದು ಮೇಜಿನ ಮೇಲೆ ಇಟ್ಟದ್ದು ಎಮ್ಮೆಯ ಕಿವಿ. ವಿಮೆ ಮಾಡಿದ ದನಕ್ಕೆ ಇಲಾಖೆಯವರು ಕಿವಿಗೆ ಹಳದಿ ಬಿಲ್ಲೆ ಚುಚ್ಚಿರುತ್ತಾರೆ. ಆ ಬಿಲ್ಲೆಯ ಸಮೇತ ಕಿವಿಯನ್ನು ಬುಡಕ್ಕೇ ಕೊಯ್ದು ತಂದಿದ್ದ. ಅದು ಡಾಕ್ಟರ ಊಟದ ಡಬ್ಬಿಗೆ ತಾಗಿ ಬಿತ್ತು. ಎರಡು ನೊಣ ಅದರ ಜೊತೆಗೇ ಬಂದಿದ್ದವು.

ರಾಜಾರಾಮರು ಹತ್ತಿರ ಹೋಗಿ ನೋಡಿದರು. ಕೊಯ್ದ ಅಂಚು ಬಾತಿತ್ತು. ಕೂದಲ ಬುಡದಲ್ಲೆಲ್ಲ ರಕ್ತ ಹೆಪ್ಪುಗಟ್ಟಿತ್ತು. ಸತ್ತ ದನದ ಮೇಲೆ ಕತ್ತಿ ಆಡಿಸಿದರೆ ರಕ್ತ ಹೀಗೆ ಬರುವುದಿಲ್ಲ. ಇದನ್ನು ಅವರು ಇಲಾಖೆಯ ತರಬೇತಿಯಲ್ಲಿ ಕಲಿತದ್ದಲ್ಲ, ಚಿಕ್ಕಂದಿನಲ್ಲಿ ತಂದೆಯ ಪಕ್ಕ ಕೂತು ಕಂಡದ್ದು.

"ಮೇಡಮ್ಮಾರ, ಇದು ಸತ್ತ ಎಮ್ಮೀದಲ್ರಿ," ಎಂದರು. "ಜೀವ ಇದ್ದಾಗ ಕೊಯ್ದಾರ."

ಸತೀಶಕುಮಾರ ಅದುವರೆಗೂ ಅವರ ಕಡೆ ನೋಡಿರಲಿಲ್ಲ. ಈಗ ತಿರುಗಿದ.

"ಯಾವೂರವಲೇ ನೀ? ಅಡ್ಡಹೆಸರೇನು?"

"ತೊರವಿಯವ್ರಿ. ಬನಸೋಡೆ."

ಅವನ ಮುಖದ ಮೇಲೆ ನಗು ಹರಡಿತು. "ಹಂಗನ್ನು ಮತ್ತ. ಸತ್ತದ್ಯಾವುದು ಬದುಕಿದ್ದ್ಯಾವುದು ಅಂತ ನಿಮ್ಮ ಮಂದಿಗೆ ಬಿಟ್ಟ ಬ್ಯಾರೆ ಯಾರಿಗೆ ಗೊತ್ತಾಗಬೇಕು."

ಬಾಗಿಲಲ್ಲಿ ನಿಂತಿದ್ದ ಇಬ್ಬರು ಕಿಸಕ್ಕೆಂದರು. ನೇತ್ರಾ ಅವರ ಮುಖ ಕೆಂಪಾಯಿತು. "ಜೀವಂತ ಎಮ್ಮೀದು ಕಿವಿ ಕೊಯ್ಯೂದು ಅಪರಾಧ ಐತ್ರಿ. ಸುಳ್ಳ ಹೇಳಿ ಸರ್ಟಿಫಿಕೇಟ್ ಕೇಳೂದೂ ಅಪರಾಧ. ನಾ ಈಗ ಬರದ ಪೊಲೀಸರಿಗೆ ಕೊಡಾಕಿ," ಎಂದು ಕಾಗದ ಎಳೆದುಕೊಂಡರು.

ಅವನು ಕೂಗಾಡಲಿಲ್ಲ. ಒಂದು ಕ್ಷಣ ನಿಂತು ನೋಡಿ ಹೊರಗೆ ಹೋದ. ಹೋದನಲ್ಲ ಎಂದು ಎಲ್ಲರೂ ತಮ್ಮ ಕೆಲಸಕ್ಕೆ ತಿರುಗಿದರು.

ದವಾಖಾನೆಯ ಅಂಗಳದಲ್ಲಿ ದನಗಳನ್ನು ನಿಲ್ಲಿಸಲು ಕಬ್ಬಿಣದ ಒಂದು ಚೌಕಟ್ಟಿದೆ. ಒಳಗೆ ಬಂದ ದನ ಹಿಂದಕ್ಕೆ ಸರಿಯದ ಹಾಗೆ ಅದಕ್ಕೆ ಅಡ್ಡಲಾಗಿ ಒಂದು ಕೋಲು ತೂರಿಸುತ್ತಾರೆ. ರಾಜಾರಾಮರು ಆಗ ಒಂದು ಆಕಳನ್ನು ಬಿಡಿಸಿ ಆ ಕೋಲನ್ನು ಕೈಯಲ್ಲಿ ಹಿಡಿದಿದ್ದರು. ಹತ್ತು ಹೆಜ್ಜೆ ಆಚೆ ನೇತ್ರಾ, ಕುರಿ ಕಾಯುವ ಮುದುಕ ದಾದಾಸಾಬನ ಆಡಿನ ಮುಂದೆ ಕುಳಿತು ಅದರ ಹೊಟ್ಟೆ ಒತ್ತಿ ನೋಡುತ್ತಿದ್ದರು. ಗೋಡೆಯ ನೆರಳಿಗೆ ಹತ್ತು ಹನ್ನೆರಡು ಮಂದಿ ತಮ್ಮ ಪಾಳಿ ಕಾಯುತ್ತಿದ್ದರು. ಜೀಪಿನ ಬಾಗಿಲು ಬಡಿದ ಸದ್ದಾಯಿತು. ಸತೀಶಕುಮಾರ ನಡೆದು ಬರುತ್ತಿದ್ದ. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು. ಅವನ ಕಣ್ಣು ನೇತ್ರಾ ಅವರ ಬೆನ್ನಿನ ಮೇಲಿತ್ತು.

"ಮೇಡಮ್ಮಾರ, ಒಳಗ ಓಡ್ರಿ! ಚಿಲಕಾ ಹಾಕ್ಕೋರಿ!" ಎಂದು ರಾಜಾರಾಮರು ಕೂಗಿದರು.

ನೇತ್ರಾ ಎದ್ದರು, ಹಸಿ ಸಗಣಿಯ ಮೇಲೆ ಕಾಲು ಜಾರಿ ಕೈಯೂರಿ ಬಿದ್ದರು. ಗೋಡೆಯ ಹತ್ತಿರದವರು ಹೌಹಾರಿ ಇನ್ನೂ ಗೋಡೆಗೆ ಅಂಟಿದರು. ಇಬ್ಬರು ಫೋನು ತೆಗೆದರು. ರಾಜಾರಾಮರು ನಡುವೆ ಬಂದು ನಿಂತರು.

"ಸಾವ್ಕಾರ್ರ, ಅದನ್ನ ಕೆಳಗ ಇಡ್ರಿ. ಕೂತ ಮಾತಾಡೂಣು."

ಅವನು ನಿಲ್ಲಲಿಲ್ಲ.

"ಕೆಳಗ ಇಡ್ರಿ ಅಂದೆ. ಇನ್ನ ಮುಂದ ಬಂದ್ರ ನಾ ಹೊಡಿಬೇಕಾಗತೈತಿ."

ಕೊಯ್ತಾ ಬೀಸಿ ಬಂತು. ರಾಜಾರಾಮರ ಎಡಗೈ ತಾನಾಗಿಯೇ ಅಡ್ಡ ಹೋಯಿತು. ಮೊಣಕೈ ಕೆಳಗೆ ಚರ್ಮ ಬಾಯಿ ಬಿಟ್ಟುಕೊಂಡಿತು. ಮತ್ತೆ ಅವನು ಕೈ ಎತ್ತುವುದರೊಳಗೆ ಅವರು ಬಲಗೈಯ ಕೋಲಿನಿಂದ ಅವನ ಮುಂಗೈಗೆ ಹೊಡೆದರು. ಕೊಯ್ತಾ ಬೀಳಲಿಲ್ಲ. ಅವನು ಮತ್ತೂ ಮುಂದೆ ನುಗ್ಗಿದ. ಅದೇ ಜಾಗಕ್ಕೆ ಇನ್ನೊಂದು ಹೊಡೆದರು. ಈ ಸಲ ಒಳಗೆ ಏನೋ ಟಕ್ಕೆಂದ ಸದ್ದು ಕೋಲಿನ ಮೂಲಕ ಅವರ ಅಂಗೈಗೆ ತಿಳಿಯಿತು. ಕೊಯ್ತಾ ಬಿತ್ತು. ಅವರು ಅದನ್ನು ಕಾಲಿನಿಂದ ಚೌಕಟ್ಟಿನ ಕಡೆಗೆ ದೂಡಿದರು.

ಸತೀಶಕುಮಾರ ಕೈ ಹಿಡಿದುಕೊಂಡು ಬಾಗಿದ. ಇಸ್ತ್ರಿ ಮಾಡಿದ ಕಾಲರಿನ ಮೇಲೆ ಅವನ ಬೋಳು ಕತ್ತು ಅವರ ಕಣ್ಣ ಮುಂದೆ ಬಂತು. ಕೋಲು ಮೂರನೆಯ ಸಲ ಮೇಲೆ ಹೋಯಿತು.

ಇದನ್ನು ಹೇಳುವಾಗ ರಾಜಾರಾಮರು ನನ್ನ ಮುಖ ನೋಡುವುದಿಲ್ಲ. "ನಾ ಎತ್ತಿದ್ದಲ್ರಿ ಸರ, ಕೈ ಎತ್ತಿತು. ನಿಮ್ಮ ಮಂದಿ ಅಂದಿದ್ನಲ್ಲ, ಅದು ಕಿವ್ಯಾಗ ಇತ್ತು. ನಮ್ಮಪ್ಪನ ಮುಖ ಇತ್ತು. ಕತ್ತಿಗೆ ಒಂದ ಬಿದ್ದಿದ್ರ ಅಂವ ಅಲ್ಲೇ ಮುಗೀತಿದ್ದ. ಹೊಡಿಬೇಕು ಅಂತ ಮೈಯೆಲ್ಲಾ ಸವಿ ಅನಿಸಿತ್ರಿ. ಖರೇನ ಸವಿ. ಅಂವನ ಕೈ ನೋಡಿದೆ, ಖಾಲಿ ಇತ್ತು. ಕೋಲ ಇಳಿಸಿದೆ."

ಆದರೆ ಸತೀಶಕುಮಾರನಿಗೆ ಅದು ತಿಳಿಯಲಿಲ್ಲ. ಅವರು ಹೆದರಿದರೆಂದುಕೊಂಡ. ಎಡಗೈ ಚಾಚಿ ಕೊಯ್ತಾದ ಕಡೆ ಹಾರಿದ. ರಾಜಾರಾಮರು ಕೋಲು ಎಸೆದರು. ಹೆಗಲ ಮೇಲೆ ಯಾವಾಗಲೂ ಇರುವ ನೂಲಿನ ಹಗ್ಗವನ್ನು ಅವನ ಕಾಲಿಗೆ ಹಾಕಿ, ಹೋರಿಯನ್ನು ಎಳೆಯುವ ಹಾಗೆ ಒಂದೇ ಸಲ ಎಳೆದರು. ಅವನು ಬೋರಲು ಬಿದ್ದ. ಬೆನ್ನಿನ ಮೇಲೆ ಮೊಣಕಾಲು ಊರಿ ಎರಡೂ ಕೈ ಹಿಂದಕ್ಕೆ ತಂದು ಕಟ್ಟಿದರು. ಪೆಟ್ಟು ಬಿದ್ದ ಕೈಯನ್ನು ಮಾತ್ರ ಮಣಿಕಟ್ಟು ಬಿಟ್ಟು ಮೇಲಕ್ಕೆ ಕಟ್ಟಿದರು. ಹಗ್ಗದ ಕೆಳಗೆ ಎರಡು ಬೆರಳು ತೂರಿಸಿ ನೋಡಿದರು. ಕೂಡಲೇ ಮೊಣಕಾಲು ತೆಗೆದು ಅವನನ್ನು ಮಗ್ಗುಲಿಗೆ ಹೊರಳಿಸಿದರು. ಅವನು ವಾಂತಿ ಮಾಡಿಕೊಂಡ. ಉಸಿರಿಗೆ ಅಡ್ಡ ಬರಬಾರದೆಂದು ತಮ್ಮ ಟವೆಲ್ಲಿನಿಂದಲೇ ಅವನ ಬಾಯಿ ಒರೆಸಿದರು. ಅವರ ಕೈಯ ರಕ್ತ ಅವನ ಬಿಳಿ ಅಂಗಿಯ ಮೇಲೆ ಹನಿಯುತ್ತಿತ್ತು. ಅವನು ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಿದ್ದ. ಅವರ ತಾಯಿಯನ್ನು, ಜಾತಿಯನ್ನು, ಹೆಂಡತಿಯನ್ನು.

ಆಗ ಗೋಡೆಯ ನೆರಳಿನ ಮಂದಿಗೆ ಧೈರ್ಯ ಬಂತು.

ಮೊದಲು ಬಂದವನು ಸ್ವಲ್ಪ ಹೊತ್ತಿನ ಹಿಂದೆ ಬಾಗಿಲಲ್ಲಿ ನಿಂತು ಕಿಸಕ್ಕೆಂದವನೇ. ಬಂದವನು ಕಟ್ಟಿಹಾಕಿದ್ದ ಮನುಷ್ಯನ ಹೊಟ್ಟೆಗೆ ಬೂಟುಗಾಲಿನಿಂದ ಒದ್ದ. ಹಿಂದಿನಿಂದ ಇನ್ನೊಬ್ಬ ಚಪ್ಪಲಿ ಬಿಚ್ಚಿ ಮುಖಕ್ಕೆ ಬಾರಿಸಿದ. "ಹಾಕ್ರಿ ಅವಂಗ! ಹೆಣ್ಣಮಗಳ ಮ್ಯಾಲೆ ಕೈ ಮಾಡ್ತಾನ!" ಒಬ್ಬ ಬಿದ್ದಿದ್ದ ಕೋಲನ್ನು ಎತ್ತಿಕೊಂಡ. ರಾಜಾರಾಮರು ಸತೀಶಕುಮಾರನ ಮೇಲೆ ಎರಡೂ ಕಡೆ ಕಾಲಿಟ್ಟು ನಿಂತು ಕೋಲನ್ನು ಕಸಿದುಕೊಂಡರು.

"ಯಾರೂ ಮುಟ್ಟಬ್ಯಾಡ್ರಿ."

"ಅಲ್ಲೋ ಮಾರಾಯಾ, ನಿನ್ನ ಕೈ ಕಡದಾನ! ಅಂವಗ ನೀ ಅಡ್ಡ ನಿಂದರತಿ?"

"ಅಂವನ ಕೈಯಾಗ ಕೊಯ್ತಾ ಇದ್ದಾಗ ಬರಬೇಕಿತ್ತು ನೀವು. ಈಗ ಕಟ್ಟಿ ಹಾಕೇನಿ. ಇನ್ನ ಹೊಡಿಯೂದೇನೈತಿ?"

"ಒಂದೆರಡ ಹಾಕ್ತೇವಿ, ಸರಿ."

"ಸರಿಯಾಂಗಿಲ್ಲ."

ದಾದಾಸಾಬ ಆಡನ್ನು ಬಿಟ್ಟು ಬಂದು, ಕುರಿ ಕಾಯುವ ಕೋಲನ್ನು ಅಡ್ಡ ಇಟ್ಟುಕೊಂಡು ಬಿದ್ದವನ ತಲೆಯ ಹತ್ತಿರ ಕುಳಿತ. ತನ್ನ ರುಮಾಲು ಬಿಚ್ಚಿ ರಾಜಾರಾಮರ ಕೈಗೆ ಬಿಗಿದ. ಅಷ್ಟರಲ್ಲಿ ಎದ್ದು ಒಳಗೆ ಹೋಗಿದ್ದ ನೇತ್ರಾ ಪೊಲೀಸರಿಗೆ ಫೋನು ಮಾಡಿ ನೀರು ತಂದರು. ಪೊಲೀಸರು ಬರುವವರೆಗೆ ಇಪ್ಪತ್ತು ನಿಮಿಷ ಅವರು ಮೂವರೂ ಆ ಮನುಷ್ಯನನ್ನು ಕಾಯ್ದರು. ಅವನು ಬೈಯುತ್ತಲೇ ಇದ್ದ. ಸುತ್ತಲಿನವರು ಫೋನು ಹಿಡಿದೇ ಇದ್ದರು.

"ಆವತ್ತ ಬಂತ್ರಿ ಸರ ಹೇಸಿಕಿ," ಎಂದರು ರಾಜಾರಾಮರು. "ಅಷ್ಟ ವರ್ಷದಾಗ ಬರಲಾರದ್ದು. ಅಂವ ವಾಂತಿ ಮಾಡಿಕೊಂಡಿದ್ದಕ್ಕಲ್ಲ. ಕಟ್ಟಿದವನ್ನ ಒದಿಯೂ ಮಂದಿ ಕಾಲ ನೋಡಿ ಬಂತು. ಹೊಡಿಯಾಕ ಎತ್ತಿದ ನನ್ನ ಕೈ ನೋಡಿ ಬಂತು. ಮನಿಗೆ ಬಂದ ಎಷ್ಟ ತೊಳದ್ರೂ ಹೋಗಲಿಲ್ಲ."

ಕೈಗೆ ಹನ್ನೊಂದು ಹೊಲಿಗೆ ಬಿದ್ದವು. ಸತೀಶಕುಮಾರನ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಸಂಜೆ ಪೊಲೀಸ್ ಸಬ್‌ಇನ್‌ಸ್ಪೆಕ್ಟರು ಹೇಳಿಕೆ ಬರೆದುಕೊಂಡರು. ಎಷ್ಟು ಪೆಟ್ಟು ಹೊಡೆದಿರಿ, ಯಾವಾಗ, ಎಲ್ಲಿಗೆ ಎಂದು ಕೇಳಿದರು.

"ಎರಡ್ರಿ. ಎರಡೂ ಮುಂಗೈಗೆ. ಮೂರನೇದಕ್ಕ ಕೋಲ ಎತ್ತಿದ್ದೆ. ಹೊಡೀಲಿಲ್ಲ."

ಅಧಿಕಾರಿ ಪೆನ್ನು ನಿಲ್ಲಿಸಿದರು. "ಹೊಡದಿಲ್ಲಂದ ಮ್ಯಾಲೆ ಎತ್ತಿದ್ದನ್ನ ಯಾಕ ಬರಸ್ತೀರಿ?"

"ಎತ್ತಿದ್ದು ಖರೇ ಐತ್ರಿ."

"ನೋಡ್ರಿ, ಜೀವ ಉಳಸಾಕ ಹೊಡಿಯೂ ಹಕ್ಕು ನಿಮಗ ಐತಿ. ಅಪಾಯ ನಿಂತ ಮ್ಯಾಲೆ ಆ ಹಕ್ಕೂ ನಿಲ್ಲತೈತಿ. ನೀವು ಅಲ್ಲೇ ನಿಂತೀರಿ. ಬರಕೋತೇನಿ ಬಿಡ್ರಿ," ಎಂದು ಅವರು ಹಾಗೆಯೇ ಬರೆದುಕೊಂಡರು.

ಮರುದಿನ ಪೊಲೀಸರ ಜೊತೆಗೆ ನೇತ್ರಾ ಬಬಲೇಶ್ವರಕ್ಕೆ ಹೊರಟರು. ರಜೆಯ ಮೇಲಿದ್ದ ರಾಜಾರಾಮರೂ ಹೊರಟು ನಿಂತಾಗ ಸುಮಂಗಲಾ ತಡೆದರು. "ಇನ್ನ ಒಂದ ಕೈ ಐತಲ್ಲ," ಎಂದು ಇವರು ಹೋದರು. ಸತೀಶಕುಮಾರನ ಡೇರಿಯ ಮುಂಭಾಗಕ್ಕೆ ಬಿಳಿ ಹಂಚು ಹಾಕಿತ್ತು, ಗೋಡೆಯ ಮೇಲೆ ಹೂಮಾಲೆ ಹಾಕಿದ ಗೋಮಾತೆಯ ಚಿತ್ರ. ಹಿಂದೆ ಹಿಂಡಿಯ ಚೀಲಗಳ ಮರೆಯಲ್ಲಿ ಎಮ್ಮೆ ಕಟ್ಟಿತ್ತು. ಎಡಗಿವಿ ಇರಲಿಲ್ಲ. ಇದ್ದ ಜಾಗಕ್ಕೆ ಅರಿಶಿನ ಮೆತ್ತಿದ್ದರು, ಅದರ ಕೆಳಗೆ ಹುಳ ಮಿಸುಕುತ್ತಿದ್ದವು. ಕೈ ಮುಂದೆ ಬಂದರೆ ಸಾಕು, ಎಮ್ಮೆ ತಲೆ ಒಗೆದು ಗೋಡೆಗೆ ಬಡಿದುಕೊಳ್ಳುತ್ತಿತ್ತು. ರಾಜಾರಾಮರು ಅದರ ಕೊರಳು ಸವರುತ್ತ ಅರ್ಧ ತಾಸು ಸುಮ್ಮನೆ ನಿಂತರು. ಆಮೇಲೆ ಒಂದೇ ಕೈಯಲ್ಲಿ ಚಿಮಟ ಹಿಡಿದು ಹುಳ ತೆಗೆದರು, ನೇತ್ರಾ ಔಷಧಿ ಸುರಿದರು. ಕೆಲಸದ ಆಳನ್ನು ವಿಚಾರಿಸಿದಾಗ ತಿಳಿದದ್ದು: ಆ ಎಮ್ಮೆಯ ಹಾಲನ್ನು ಅಂದು ಬೆಳಿಗ್ಗೆಯೂ ಕರೆದು ಊರಿಗೆ ಹಂಚಿದ್ದರು.

ಅದೇ ಹೊತ್ತಿಗೆ ಫೋನುಗಳಲ್ಲಿ ಒಂದು ವಿಡಿಯೊ ಓಡಾಡತೊಡಗಿತ್ತು. ಹನ್ನೆರಡು ಸೆಕೆಂಡಿನದು. ರಾಜಾರಾಮರು ಕೋಲಿನಿಂದ ಎರಡು ಸಲ ಹೊಡೆಯುವುದು, ಮೂರನೆಯ ಸಲ ಎತ್ತುವುದು, ಅಷ್ಟೇ. ಕೆಳಗೆ "ಸರಕಾರಿ ನೌಕರನ ಗೂಂಡಾಗಿರಿ" ಎಂದು ಬರೆದಿತ್ತು. ಅದು ನನಗೂ ಬಂತು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನಾನು, ಎದುರು ಸಾಲಿನ ಮನೆಯವನು, ಅದನ್ನು ಇಬ್ಬರಿಗೆ ಕಳಿಸಿದೆ. ಸಂಜೆ ಸುಮಂಗಲಾ ನಮ್ಮ ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ನನ್ನ ಫೋನನ್ನು ಅಂಗಿಯ ಜೇಬಿನಲ್ಲಿ ತಿರುವಿ ಇಟ್ಟುಕೊಂಡೆ. ನಾನೂ ಕಳಿಸಿದವರಲ್ಲಿ ಒಬ್ಬ ಎಂದು ಅವರಿಗೆ ಹೇಳಲು ನನಗೆ ಎಂಟು ದಿನ ಬೇಕಾಯಿತು.

ಪೂರ್ತಿ ವಿಡಿಯೊ ನಾಲ್ಕು ನಿಮಿಷದ್ದು. ಅದು ಪೊಲೀಸರಿಗೆ ಸಿಕ್ಕಿತು. ಅದರಲ್ಲಿ ಎಲ್ಲವೂ ಇತ್ತು. ರಾಜಾರಾಮರು ಎರಡು ಸಲ ಕೆಳಗಿಡಿ ಎಂದದ್ದು, ಕೊಯ್ತಾ ಬೀಸಿದ್ದು, ಕೋಲು ಇಳಿದದ್ದು. ನೇತ್ರಾ ಸಗಣಿಯಲ್ಲಿ ಬಿದ್ದು ಏಳಲು ಒದ್ದಾಡುವಾಗ ಫೋನು ಹಿಡಿದವನ ದನಿಯೂ ಸ್ಪಷ್ಟವಾಗಿ ಕೇಳುತ್ತಿತ್ತು: "ಏ ಸರೀರ್ಲೇ ಸರೀರಿ, ಕಾಣವಲ್ದು." ನಾನು ಅದನ್ನು ಒಮ್ಮೆ ಮಾತ್ರ ನೋಡಿದೆ.

ಸತೀಶಕುಮಾರನೂ ಸುಮ್ಮನೆ ಕೂಡಲಿಲ್ಲ. ಕಾರಣವಿಲ್ಲದೆ ತನ್ನ ಕೈ ಮುರಿದರೆಂದು ರಾಜಾರಾಮರ ಮೇಲೆ ದೂರು ಕೊಟ್ಟ. ಅದಾದ ವಾರಕ್ಕೆ ಅವನ ಸೋದರಮಾವ ಗುರುಪಾದಯ್ಯ ಎಂಬ ಹಿರಿಯರು ಜಲನಗರಕ್ಕೆ ಬಂದರು. ಮೂಲೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ಮನೆಯ ಗುರುತು ಕೇಳಿದ್ದು ನನ್ನನ್ನೇ. ನಾನೇ ಕರೆದುಕೊಂಡು ಹೋದೆ. ಪೇಡೆಯ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಕುರ್ಚಿಯ ತುದಿಯಲ್ಲಿ ಕುಳಿತರು. ಸುಮಂಗಲಾ ಚಹಾ ತಂದಿಟ್ಟರು.

"ನೋಡೋ ತಮ್ಮಾ," ಎಂದು ಗುರುಪಾದಯ್ಯ ಶುರು ಮಾಡಿದರು. "ಅಂವನ ತಪ್ಪ ಐತಿ, ನಾ ಇಲ್ಲ ಅನ್ನಾಂಗಿಲ್ಲ. ಎರಡೂ ಕೇಸ ಹಿಂದಕ್ಕ ತಗೊಳ್ಳೂಣು. ನೀ ಮಠದಾಗ ನಾಕ ಮಂದಿ ಮುಂದ ಒಂದ ಮಾತ ತಪ್ಪಾತು ಅಂದಬಿಡು."

"ನಂದೇನ ತಪ್ಪರಿ?"

"ತಪ್ಪ ಅಂತಲ್ಲ. ಅಂವಗ ಕೈ ಮುರದದ್ದು ಮನಸಿಗೆ ಹತ್ತಿಲ್ಲಪಾ. ಯಾರ ಕೈಲೆ ಪೆಟ್ಟ ತಿಂದೆ ಅನ್ನೂದು ಹತ್ತೇತಿ. ನಿನಗ ತಿಳೀತೈತಿ, ಶಾಣ್ಯಾ ಇದ್ದೀ."

ಚಹಾದ ಮೇಲೆ ಕೆನೆ ಕಟ್ಟಿತ್ತು.

"ಅಜ್ಜಾರ, ಚಹಾ ಆರಾಕತ್ತೈತ್ರಿ," ಎಂದರು ಸುಮಂಗಲಾ.

"ನಾ ಹೊರಗ ಎಲ್ಲೂ ಚಹಾ ಕುಡ್ಯಾಂಗಿಲ್ಲವಾ."

ಅಂಗಡಿಯಲ್ಲಿ ಅವರು ಕಪ್ಪಿನಿಂದ ಬಸಿಗೆ ಸುರಿದು ಸುರಿದು ಕುಡಿದದ್ದನ್ನು ಹತ್ತು ನಿಮಿಷದ ಹಿಂದೆ ಕಂಡಿದ್ದೆ. ಹೇಳಬೇಕಿತ್ತು, ಹೇಳಲಿಲ್ಲ. ಸುಮಂಗಲಾಗೆ ಹೇಳುವ ಅಗತ್ಯವೂ ಇರಲಿಲ್ಲ. ಪೇಡೆಯ ಡಬ್ಬಿಯನ್ನು ಎತ್ತಿ ಅವರ ಕೈಗೇ ಕೊಟ್ಟರು. "ಹಂಗಾರ ನಾವೂ ಹೊರಗಿಂದು ತಿನ್ನಾಂಗಿಲ್ರಿ. ನಡೀರಿ, ಬಸ್ಸಿಗೆ ಹೊತ್ತಾಗತೈತಿ."

ಅವರು ಹೋದ ಮೇಲೆ ಸುಮಂಗಲಾ ಆ ಚಹಾವನ್ನು ಚರಂಡಿಗೆ ಚೆಲ್ಲಿ, ಕಪ್ಪನ್ನು ಮೂರು ಸಲ ತಿಕ್ಕಿದರು.

ಪೂರ್ತಿ ವಿಡಿಯೊ ಹೊರಬಿದ್ದ ಮೇಲೆ ಗಾಳಿ ತಿರುಗಿತು. ನಗರದ ಯಾವುದೋ ಯುವಕ ಸಂಘದವರು ಸನ್ಮಾನ ಮಾಡುತ್ತೇವೆಂದು ಬಂದರು. ಶಾಲು, ಹಾರ, ಮೆರವಣಿಗೆ. "ಆ ಕೋಲ ಹಿಡಕೊಂಡ ಸ್ಟೇಜಿನ ಮ್ಯಾಲೆ ನಿಂದರಬೇಕ್ರಿ, ಬ್ಯಾನರಿಗೆ ಫೋಟೋ ಬೇಕು. ಕೋಲ ಹಿಂಗ ಎತ್ತಿರಬೇಕು," ಎಂದು ಒಬ್ಬ ಮಾಡಿಯೂ ತೋರಿಸಿದ. ರಾಜಾರಾಮರು ಎದ್ದು ಹೋಗಿ ನಲ್ಲಿ ತಿರುವಿ ಕೈ ತೊಳೆಯತೊಡಗಿದರು. ಬಂದವರು ಸ್ವಲ್ಪ ಹೊತ್ತು ಕಾಯ್ದು ಎದ್ದು ಹೋದರು. ಹೋಗುವಾಗ ಒಬ್ಬ, "ಮನಷ್ಯಾಗ ಸೊಕ್ಕ ಭಾಳ ಐತಿ," ಎಂದದ್ದು ನನಗೂ ಕೇಳಿಸಿತು.

ರಾಜಾರಾಮರ ಮೇಲಿನ ದೂರು ಪೊಲೀಸರ ತನಿಖೆಯಲ್ಲೇ ಬಿದ್ದುಹೋಯಿತು. ಸತೀಶಕುಮಾರನ ಮೇಲಿನ ಕೇಸು ವಿಜಯಪುರದ ಕೋರ್ಟಿಗೆ ಬಂತು. ಅಂದು ಗೋಡೆಗೆ ಅಂಟಿ ನಿಂತ ಹತ್ತು ಹನ್ನೆರಡು ಮಂದಿಯಲ್ಲಿ ಸಾಕ್ಷಿ ಹೇಳಲು ಬಂದದ್ದು ಒಬ್ಬ ಹೆಣ್ಣುಮಗಳು ಮಾತ್ರ, ತಿಕೋಟಾದ ದುಂಡವ್ವ. ದಾದಾಸಾಬ ಕೋರ್ಟು ಕರೆದ ಮೂರು ಸಲವೂ ತನ್ನ ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದ. ಒದ್ದವರು, ಚಪ್ಪಲಿ ಬಿಚ್ಚಿದವರು, ತಾವು ಆ ದಿನ ತಿಕೋಟಾದಲ್ಲೇ ಇರಲಿಲ್ಲವೆಂದರು.

ಎದುರು ವಕೀಲರು ರಾಜಾರಾಮರನ್ನು ಒಂದು ತಾಸು ನಿಲ್ಲಿಸಿ ಕೇಳಿದರು. "ನನ್ನ ಕಕ್ಷಿದಾರ ನಿಮ್ಮ ಜಾತಿ ಎತ್ತಿ ಮಾತಾಡಿದ್ದಕ್ಕೆ ನಿಮಗೆ ಸಿಟ್ಟು ಬಂದಿತ್ತು. ಆ ಸಿಟ್ಟಿಗೇ ಹೊಡೆದಿರಿ. ಅಲ್ಲವೇ?"

"ಸಿಟ್ಟ ಬಂದದ್ದು ಖರೇರಿ. ಸಿಟ್ಟಿಗೆ ಹೊಡದಿದ್ರ ತಲಿಗೆ ಹೊಡೀತಿದ್ದೆ, ತಲಿ ಕೈಯಳತ್ಯಾಗ ಇತ್ತು. ಕೊಯ್ತಾ ಇದ್ದ ಕೈಗೆ ಹೊಡದೆ. ಕೊಯ್ತಾ ಬಿತ್ತು, ನಿಲ್ಲಿಸಿದೆ."

"ನಿಮ್ಮ ಸಿಟ್ಟು ಅಷ್ಟರಲ್ಲೇ ಇಳಿದು ಹೋಯಿತೋ?"

"ಇಳೀಲಿಲ್ರಿ. ಇನ್ನೂ ಇಳಿದಿಲ್ಲ."

ನ್ಯಾಯಾಧೀಶರು ತಲೆ ಎತ್ತಿ ನೋಡಿ ಮತ್ತೆ ಬರೆದುಕೊಂಡರು ಎಂದು ದಾದಾಸಾಬ ಹೇಳುತ್ತಾನೆ.

ಕಳೆದ ವರ್ಷ ತೀರ್ಪು ಬಂತು. ಸತೀಶಕುಮಾರನಿಗೆ ಎರಡು ವರ್ಷ ಶಿಕ್ಷೆ. ಅವನು ಮೇಲಿನ ಕೋರ್ಟಿಗೆ ಹೋಗಿ ಜಾಮೀನು ತಂದುಕೊಂಡಿದ್ದಾನೆ. ಡೇರಿ ನಡೆಯುತ್ತಿದೆ. ಆ ಎಮ್ಮೆಯ ಗಾಯ ಮಾಯ್ದ ಮೇಲೆ ಮನೆಯವರು ಅದನ್ನು ಸಂತೆಯಲ್ಲಿ ಮಾರಿದರಂತೆ. ಎಲ್ಲಿಗೆ ಹೋಯಿತೋ ತಿಳಿಯದು. ನೇತ್ರಾ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಗಿದೆ. ಹಬ್ಬಕ್ಕೊಮ್ಮೆ ಸುಮಂಗಲಾಗೆ ಫೋನು ಮಾಡುತ್ತಾರೆ.

ಹೋದ ತಿಂಗಳು ಕಾಲುಬಾಯಿ ಬೇನೆಯ ಲಸಿಕೆ ಹಾಕಲು ರಾಜಾರಾಮರನ್ನು ಬಬಲೇಶ್ವರಕ್ಕೆ ಕಳಿಸಿದ್ದರು. ಪಟ್ಟಿಯಲ್ಲಿ ಸತೀಶಕುಮಾರನ ಡೇರಿಯೂ ಇತ್ತು. ಬೇರೆಯವರನ್ನು ಕಳಿಸಲೇ ಎಂದು ಮೇಲಿನವರು ಕೇಳಿದಾಗ ಇವರೇ ಬೇಡವೆಂದರಂತೆ, "ದನ ಏನ ಮಾಡ್ಯಾವರಿ?" ಎಂದು. ಸತೀಶಕುಮಾರ ಕಟ್ಟೆಯ ಮೇಲೆ ಕೂತಿದ್ದ, ಅದೇ ಗಂಜಿ ಹಾಕಿದ ಅಂಗಿ. ಇವರನ್ನು ಕಂಡು ಹಲ್ಲು ತೋರಿಸಿ ನಕ್ಕ. "ಬರ್ರಿ ಬನಸೋಡೆಯವರ. ಆದದ್ದ ಆತು, ಈಗ ನಾವೂ ನೀವೂ ಭಾಯಿ ಭಾಯಿ," ಎಂದು ಕೈ ಚಾಚಿದ. ನೋಡುವವರು ಸುತ್ತಲೂ ಇದ್ದರು.

ರಾಜಾರಾಮರು ಆ ಕೈಯನ್ನು ನೋಡಿದರು. ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಹುಳ ತುಂಬಿದ ಗಾಯಕ್ಕೂ ಹಿಂಜರಿಯದ ಅವರ ಕೈ ಅದನ್ನು ಮುಟ್ಟಲು ಮುಂದೆ ಹೋಗಲಿಲ್ಲ.

"ದನಾ ಹಿಡಿಯಾಕ ಒಂದ ಆಳ ಕಳಸ್ರಿ," ಎಂದಷ್ಟೇ ಹೇಳಿ ಕೊಟ್ಟಿಗೆಯೊಳಗೆ ಹೋದರು. ಇಪ್ಪತ್ತಾರು ದನಗಳಿಗೆ ಲಸಿಕೆ ಹಾಕಿದರು. ಪ್ರತಿಯೊಂದರ ಎರಡೂ ಕಿವಿ ಎತ್ತಿ ನೋಡಿದರು. ಪಟ್ಟಿಯಲ್ಲಿ ಗುರುತು ಹಾಕಿ ಮುಂದಿನ ಮನೆಗೆ ನಡೆದರು.